ಹನ್ನೊಂದು ಸಲ

ಮಾರಿಕ್ರೂಸಳ ಮನೆಯಲ್ಲಿ ಸುಳ್ಳು ಹೇಳುವವರು ಇರಲಿಲ್ಲ ಎಂದೇನಲ್ಲ. ಶನಿವಾರ ಎಷ್ಟು ಬಿಯರ್ ಕುಡಿದೆ ಎಂದು ಕೇಳಿದರೆ ಗಂಡ ಅಬುಂದಿಯೊ ಎರಡು ಎನ್ನುತ್ತಿದ್ದ, ಅದು ಯಾವತ್ತೂ ಎರಡಾಗಿರಲಿಲ್ಲ. ಫೋನಿನಲ್ಲಿ ಇಷ್ಟು ಹೊತ್ತು ಯಾರೇ ಎಂದರೆ ಹದಿನೈದರ ಮಗಳು ಬ್ರಿಸಾ 'ಹೋಮ್‌ವರ್ಕ್' ಎನ್ನುತ್ತಿದ್ದಳು. ಮಾರಿಕ್ರೂಸ್ ತಾನೇನು ಕಡಿಮೆ? ಸೇಬು ಪ್ಯಾಕ್ ಮಾಡುವ ಶೆಡ್ಡಿನ ಮೇಲ್ವಿಚಾರಕನೆದುರು ತಿಂಗಳಿಗೊಂದು ಹಲ್ಲುನೋವು ಹುಟ್ಟಿಸುತ್ತಿದ್ದಳು. ಆದರೆ ಅತ್ತೆ ದೋನ್ಯಾ ಎವುಲಾಲಿಯಾ? ಅಂಗಡಿಯವನು ಒಂದು ಈರುಳ್ಳಿ ಹೆಚ್ಚಿಗೆ ಹಾಕಿದ್ದರೆ ಒಂದು ಮೈಲಿ ನಡೆದು ವಾಪಸ್ ಕೊಟ್ಟು ಬರುವ ಹೆಂಗಸು ಅದು. ಅಂಥವಳನ್ನು ಸ್ಕೂಲಿನವರು ಕೆಂಪು ಶಾಯಿಯಲ್ಲಿ ಸುಳ್ಳುಗಾತಿ ಅಂದಿದ್ದರು.

ಕೆಂಪು ಶಾಯಿ ಇದ್ದದ್ದು ಚಿಕ್ಕವಳು ಸಿತ್ಲಾಲಿಯ ಓದಿನ ಕಾರ್ಡಿನ ಮೇಲೆ. ಸಿತ್ಲಾಲಿಗೆ ಆರು ವರ್ಷ, ಒಂದನೇ ಕ್ಲಾಸು. ದಿನಾ ಸ್ಕೂಲಿನಿಂದ ಒಂದು ಪುಟಾಣಿ ಇಂಗ್ಲಿಷ್ ಪುಸ್ತಕ, ಅದರ ಜೊತೆ ಈ ನೀಲಿ ಕಾರ್ಡು ಬರುತ್ತಿತ್ತು. ಮನೆಯಲ್ಲಿ ದೊಡ್ಡವರು ಯಾರಾದರೂ ಕೂತು ಓದಿಸಿ, ಎಷ್ಟು ಸಲ ಓದಿದಳೆಂದು ಗೀಟು ಹಾಕಿ, ಸಹಿ ಮಾಡಿ ಕಳಿಸಬೇಕು. ಮಾರಿಕ್ರೂಸ್ ಶೆಡ್ಡಿನಿಂದ ಬರುವುದು ಏಳಕ್ಕೆ, ಅಬುಂದಿಯೊ ತೋಟದಿಂದ ಬರುವುದು ಕತ್ತಲಾದ ಮೇಲೆ. ಸೆಪ್ಟೆಂಬರಿನಿಂದ ಓದಿಸುವ ಕೆಲಸ ಅಜ್ಜಿಯ ಪಾಲಿಗೆ ಬಂದಿತ್ತು.

"ಏನು ಬರ್ದಿದಾರೆ, ಸರಿಯಾಗಿ ಹೇಳು," ಅಂದಳು ಮಾರಿಕ್ರೂಸ್, ಬೀನ್ಸ್ ಸಾರಿನ ಪಾತ್ರೆ ಮೇಜಿನ ಮೇಲಿಡುತ್ತಾ.

ಬ್ರಿಸಾ ಕಾರ್ಡು ಎತ್ತಿ ಹಿಡಿದಳು. "'ದಯವಿಟ್ಟು ನಿಜವನ್ನೇ ಬರೆಯಿರಿ. ಯಾವ ಮಗುವೂ ಒಂದು ಪುಸ್ತಕವನ್ನು ದಿನಕ್ಕೆ ಹನ್ನೊಂದು ಸಲ ಓದುವುದಿಲ್ಲ.'"

"ಓದ್ತಾಳೆ," ಅಂದಳು ದೋನ್ಯಾ ಎವುಲಾಲಿಯಾ. ಹಂಚಿನ ಮೇಲಿದ್ದ ಮೆಕ್ಕೆಜೋಳದ ರೊಟ್ಟಿಯನ್ನು ಬರಿಗೈಯಲ್ಲೇ ಮಗುಚಿದಳು. "ನಾನು ಲೆಕ್ಕ ತಪ್ಪಲ್ಲ. ಹನ್ನೊಂದು ಬೀನ್ಸ್ ಕಾಳು ಒಂದು ಲೋಟದಲ್ಲಿ ಹಾಕಿಟ್ಕೋತೀನಿ. ಒಂದ್ಸಲ ಓದಿ ಮುಗಿಸಿದ್ರೆ ಒಂದು ಕಾಳು ಆಚೆ ಲೋಟಕ್ಕೆ. ಬೇಕಾದ್ರೆ ಆ ಮೇಡಮ್ಮು ಬಂದು ನೋಡ್ಲಿ."

"ಅಜ್ಜೀ, ಹನ್ನೊಂದು ಸಲ ಓದ್ಸು ಅಂತ ನಿಂಗ್ಯಾರು ಹೇಳಿದ್ರು?"

"ಯಾರು ಹೇಳ್ಬೇಕೇ? ಕಾರ್ಡಲ್ಲೇ ಅಚ್ಚು ಹಾಕಿದಾರಲ್ಲ!" ಅಜ್ಜಿ ಕೈ ಒರೆಸಿಕೊಂಡು ಬಂದು ಕಾರ್ಡಿನ ತಲೆಯ ಸಾಲಿನ ಮೇಲೆ ಬೆರಳಿಟ್ಟಳು. "ಉಳಿದಿದ್ದು ನಂಗೆ ತಿಳಿಯಲ್ಲ, ನಿಜ. ಇದು ತಿಳಿಯುತ್ತೆ. ಓ, ಎನ್, ಸಿ, ಇ. ಓನ್ಸೆ. ನಮ್ ಸ್ಪ್ಯಾನಿಷಲ್ಲಿ ಹನ್ನೊಂದು."

ಬ್ರಿಸಾಳಿಗೆ ಶುರುವಾಯಿತು ನೋಡಿ ನಗು, ಹೊಟ್ಟೆ ಹಿಡಿದುಕೊಂಡು ಕುರ್ಚಿಯಿಂದ ಜಾರಿ ನೆಲಕ್ಕೇ ಕೂತಳು. "ಅಯ್ಯೋ ಅಜ್ಜೀ! ಅದು ಓನ್ಸೆ ಅಲ್ಲ, ವನ್ಸ್! ಇಂಗ್ಲಿಷು! ಒಂದೇ ಒಂದು ಸಲ ಅಂತ! ದಿನಕ್ಕೊಂದು ಸಲ ಓದ್ಸಿ ಅಂದ್ರೆ ನೀನು ಹನ್ನೊಂದು ಸಲ ಓದ್ಸಿದೀಯಲ್ಲೇ!"

ಅಬುಂದಿಯೊಗೂ ನಗು ತಡೆಯಲಿಲ್ಲ. ತಾಯಿಯ ಮುಖ ನೋಡಿ ತಟ್ಟೆಗೆ ತಲೆ ಬಗ್ಗಿಸಿದ. ಮುದುಕಿ ಗಡಿಯಾಚೆ ಮಿಚೊಅಕಾನಿನ ತನ್ನ ಹಳ್ಳಿಯಲ್ಲಿ ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಆರನೇ ಮಗುವಿಗೆ ಹಾಲು ಕುಡಿಸುತ್ತಾ, ಬೀದಿದೀಪದ ಕೆಳಗಿನ ವಯಸ್ಕರ ಪಾಠದಲ್ಲಿ ಅಕ್ಷರ ಕಲಿತವಳು. ಬಿದ್ದಿದ್ದ ಕಾಗದವನ್ನೂ ಓದದೆ ಬಿಡುವವಳಲ್ಲ. ಹಿಟ್ಟಿನ ಚೀಲದ ಬೆನ್ನು, ಬೇಕರಿಯಲ್ಲಿ ಪುಕ್ಕಟೆ ಸಿಗುವ ಸ್ಪ್ಯಾನಿಷ್ ವಾರಪತ್ರಿಕೆ, ವಕೀಲರ ಜಾಹೀರಾತು, ಚರ್ಚಿನ ಚೀಟಿ, ಎಲ್ಲವೂ ಅವಳಿಗೆ ಓದೇ. ಅವಳ ಓದನ್ನು ನೋಡಿ ನಕ್ಕವರು ಅದುವರೆಗೆ ಯಾರೂ ಇರಲಿಲ್ಲ. ಅವಳು ಹಂಚಿನ ಕಡೆಗೆ ತಿರುಗಿದಳು.

ಮಾರಿಕ್ರೂಸ್ ಮಾತ್ರ ನಗಲಿಲ್ಲ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಒಂದು ತಿಂಗಳಿಂದ ಮಗು ಪುಸ್ತಕ ಕಂಡರೆ ಮುಖ ಕಿವುಚುತ್ತಿತ್ತು, ಊಟಕ್ಕೆ ಕೂತಲ್ಲೇ ತೂಕಡಿಸುತ್ತಿತ್ತು.

"ನಿಮ್ಗೆ ಬರದ ಭಾಷೇನ ಯಾಕೆ ಓದ್ಸೋಕೆ ಹೋದ್ರಿ ಅತ್ತೆ? ಬರಲ್ಲ ಅಂತ ನನ್ ಹತ್ರ ಒಂದು ಮಾತು ಹೇಳೋಕೆ ಏನಾಗಿತ್ತು?"

"ಹೇಳೋಕೆ ನೀನೆಲ್ಲಿದ್ದೆ?" ಅಂದಳು ಮುದುಕಿ, ತಿರುಗದೆಯೇ.

ಮರುವಾರ ಸ್ಕೂಲಿನಿಂದ ಕರೆ ಬಂತು. ಅರ್ಧ ದಿನದ ಕೂಲಿ ಬಿಟ್ಟು ಮಾರಿಕ್ರೂಸ್ ಹೋದಳು. ಮಾತು ತಿಳಿಸಿ ಹೇಳಲು ಬ್ರಿಸಾ ತನ್ನ ಕ್ಲಾಸು ತಪ್ಪಿಸಿಕೊಂಡು ಬಂದಳು. ಟೀಚರ್ ಮಿಸೆಸ್ ಹಾಲ್ವರ್ಸನ್ ನಗುಮುಖದ ಹೆಂಗಸು, ಕುತ್ತಿಗೆಗೆ ದಾರದಲ್ಲಿ ಕನ್ನಡಕ. ಐವತ್ತು ಪದ ಕೊಟ್ಟರೆ ಸಿತ್ಲಾಲಿ ಓದಿದ್ದು ಒಂಬತ್ತು ಎಂದರು. ಒಂದು ಕೋಳಿ ಕಥೆಯ ಮೊದಲ ಸಾಲನ್ನು ಮಗು ಓದಿದ ರೀತಿ ತೋರಿಸಿದರು: 'ವನ್ಸ್, ದ ಹೆನ್...' ಎಂದಿದ್ದದ್ದು 'ಓನ್ಸೆ, ತೆ ಎನ್...' ಅದನ್ನು ಹೇಳುವಾಗಲೂ ಆಕೆ ನಗುತ್ತಿದ್ದರು.

"ಅಮ್ಮಾ," ಬ್ರಿಸಾ ತಗ್ಗಿದ ದನಿಯಲ್ಲಿ ಅಂದಳು, "ಅಜ್ಜಿ ಕತೆ ಹೇಳ್ಬಿಡ್ಲಾ? ಆ ಹನ್ನೊಂದರದ್ದು? ಸ್ಪ್ಯಾನಿಷ್ ಥರ ಓದೋಕೆ ಹೇಳ್ಕೊಟ್ಟಿದಾಳೆ, ಮಗು ಅದನ್ನೇ ಒಪ್ಪಿಸ್ತಿದೆ ಅಷ್ಟೇ ಅಂತ. ನಾವು ಸುಳ್ಳು ಬರ್ದಿಲ್ಲ ಅಂತಾನೂ ಗೊತ್ತಾಗುತ್ತೆ."

"ಬೇಡ!"

"ಯಾಕೆ?"

"ಬಾಯ್ಮುಚ್ಚು. ದಡ್ಡ ಮುಂಡೇವು ಅಂದ್ಕೊಳ್ತಾರೆ. ಅದಕ್ಕಿಂತ ಸುಳ್ಳರು ಅಂದ್ಕೊಳ್ಳೋದೇ ವಾಸಿ."

ಆ ಒಂದು ಮಾತನ್ನು ಮಾರಿಕ್ರೂಸ್ ಆಮೇಲೆ ಎಷ್ಟು ಸಲ ನುಂಗಿ ನೋಡಿದಳೋ, ಗಂಟಲಲ್ಲಿ ಇಳಿಯಲಿಲ್ಲ. ಆವತ್ತು ಮಾತ್ರ ತಲೆ ತಗ್ಗಿಸಿ ಕೂತಿದ್ದಳು. ಮಿಸೆಸ್ ಹಾಲ್ವರ್ಸನ್ ಸಮಾಧಾನದ ದನಿಯಲ್ಲಿ ಕೊನೆಗೊಂದು ಸಲಹೆ ಕೊಟ್ಟರು. ಎರಡು ಭಾಷೆ ಸೇರಿ ಮಗುವಿನ ತಲೆ ಗೊಂದಲವಾಗಿದೆ. ಮನೆಯಲ್ಲಿ ಸ್ಪ್ಯಾನಿಷ್ ನಿಲ್ಲಿಸಿಬಿಡಿ, ಇಂಗ್ಲಿಷ್ ಮಾತ್ರ ಆಡಿ.

ಆ ರಾತ್ರಿಯ ಊಟದಲ್ಲೇ ಮಾರಿಕ್ರೂಸ್ ಕಾನೂನು ಹಾಕಿದಳು.

"ಇವತ್ತಿಂದ ಸಿತ್ಲಾಲಿ ಎದುರಿಗೆ ಯಾರೂ ಸ್ಪ್ಯಾನಿಷ್ ಆಡ್ಕೂಡ್ದು. ಓದ್ಸೋದಂತೂ ಇಲ್ಲವೇ ಇಲ್ಲ."

"ಗಡಿ ದಾಟಿ ಬಂದು ಹದಿನೇಳು ವರ್ಷ ಆಯ್ತು," ಅಂದ ಅಬುಂದಿಯೊ. "ಈಗ ಊಟದ ಮೇಜಿನ ಮೇಲೂ ಒಂದು ಬೇಲಿ ಹಾಕ್ತೀಯಾ?"

"ತಮಾಷೆ ಬೇಡ. ನಿಂಗೇನು, ಬೆಳಿಗ್ಗೆ ಎದ್ದು ಮರ ಹತ್ತಿದ್ರೆ ಆಯ್ತು. ಅಲ್ಲಿ ಹೋಗಿ ತಲೆ ತಗ್ಗಿಸ್ಕೊಂಡು ಕೂತೋಳು ನಾನು."

"ಅಮ್ಮಂಗೆ ಇಂಗ್ಲಿಷ್ ಬರಲ್ವಲ್ಲೇ. ಏನು ಮಾಡ್ಬೇಕು ಅವಳು?"

"ಸುಮ್ನಿರ್ಲಿ."

ದೋನ್ಯಾ ಎವುಲಾಲಿಯಾ ಪಾಪಾಸುಕಳ್ಳಿಯ ಪಲ್ಯವನ್ನು ಎಲ್ಲರ ತಟ್ಟೆಗೂ ಬಡಿಸಿದಳು. ತನ್ನ ತಟ್ಟೆ ಎತ್ತಿಕೊಂಡು ಹೋಗಿ ಒಲೆಯ ಪಕ್ಕ ನಿಂತುಕೊಂಡೇ ತಿಂದಳು. ಆವತ್ತಿನಿಂದ ಅವಳ ಊಟ ಅಲ್ಲೇ.

ಇನ್ನು ಮಾರಿಕ್ರೂಸಳ ಇಂಗ್ಲಿಷು! ಹದಿನಾಲ್ಕು ವರ್ಷ ಶೆಡ್ಡಿನಲ್ಲಿ ಸೇಬು ಸಾಗುವ ಬೆಲ್ಟಿನ ಮುಂದೆ ನಿಂತು ಕಲಿತದ್ದು ಅದು. ಬೇಗ. ನಿಲ್ಲಿಸು. ಮಾತು ಬೇಡ. ಇದನ್ನು ತೆಗಿ. ಸ್ವಚ್ಛ ಮಾಡು. ಬ್ರೇಕ್ ಮುಗೀತು. ಇಷ್ಟು ಬಿಟ್ಟರೆ ಎಂಬತ್ತು, ಎಂಬತ್ತೆಂಟು, ನೂರು ಎಂದು ಪೆಟ್ಟಿಗೆಗೆ ಹಿಡಿಸುವ ಸೇಬಿನ ಲೆಕ್ಕ. ಬೆಳಿಗ್ಗೆ ಮಗುವನ್ನು ಎಬ್ಬಿಸಿ "ಬೇಗ!" ಎನ್ನುತ್ತಿದ್ದಳು. ಹಾಲು ಚೆಲ್ಲಿದರೆ "ಸ್ವಚ್ಛ ಮಾಡು!" ಮಗು ಏನೋ ಹೇಳಲು ಬಾಯಿ ತೆಗೆದರೆ "ಮಾತು ಬೇಡ!" ಸ್ಪ್ಯಾನಿಷಿನಲ್ಲಾದರೆ ಇವಳು ಬಾಯಿ ತುಂಬಾ ಮಾತಾಡುವ ತಾಯಿ. ನನ್ನ ಬಂಗಾರ, ನನ್ನ ಪುಟ್ಟ ಕತ್ತೆ, ಬಾ ಇಲ್ಲಿ, ನಿನ್ನ ಮೂಗು ತಿಂದುಬಿಡ್ತೀನಿ ಎಂದೆಲ್ಲ ಮುದ್ದು ಮಾಡುವವಳು. ಇಂಗ್ಲಿಷಿನಲ್ಲಿ ಅವಳಿಗೆ ಮುದ್ದೇ ಬರುತ್ತಿರಲಿಲ್ಲ. ಯಾರೂ ಅವಳನ್ನು ಆ ಭಾಷೆಯಲ್ಲಿ ಮುದ್ದು ಮಾಡಿರಲಿಲ್ಲ.

"ನೀನು ಅಮ್ಮ ಥರ ಮಾತಾಡ್ತಿಲ್ಲ, ನಿಮ್ ಮೇಲ್ವಿಚಾರಕ ಮಾತಾಡ್ದಂಗೆ ಮಾತಾಡ್ತಿದೀಯ," ಅಂದಳು ಬ್ರಿಸಾ ಒಂದು ದಿನ.

"ಹಂಗಾದ್ರೆ ನೀನಾಡು. ನಿಂಗೆ ಬರುತ್ತಲ್ಲ!"

"ಆಡ್ತಿದೀನಿ. ಅವಳು 'ಓಕೆ' ಬಿಟ್ರೆ ಏನೂ ಅನ್ನಲ್ಲ."

ನಿಜ. ಎರಡನೇ ವಾರಕ್ಕೆ ಸಿತ್ಲಾಲಿಯ ಮಾತು ಪೂರ್ತಿ ಕಡಿಮೆಯಾಗಿತ್ತು. ಬೇಕಾದ್ದಕ್ಕೆ ಬೆರಳು ತೋರಿಸುತ್ತಿದ್ದಳು. ಮೂರನೇ ವಾರದ ಗುರುವಾರ ಮಾರಿಕ್ರೂಸ್ ಶೆಡ್ಡಿನಿಂದ ಬಂದಾಗ ಮಗು ಸೋಫಾದಲ್ಲಿ ಮುದುರಿಕೊಂಡಿತ್ತು, ಮೈ ಕೆಂಡ. ಕ್ಲಿನಿಕ್ಕಿಗೆ ಎತ್ತಿಕೊಂಡು ಓಡಿದರು. ಕಿವಿಯೊಳಗೆ ಕೀವು ತುಂಬಿದೆ, ಎರಡು ಮೂರು ದಿನದಿಂದ ನೋಯುತ್ತಿರಬೇಕಲ್ಲ ಎಂದರು ಅಲ್ಲಿಯವರು.

ಮನೆಗೆ ಬಂದು ಔಷಧಿ ಕುಡಿಸಿ, ಮಾರಿಕ್ರೂಸ್ ತಡೆಯಲಾರದೆ ತನ್ನ ಕಾನೂನು ತಾನೇ ಮುರಿದಳು. "ಯಾಕೆ ಹೇಳ್ಲಿಲ್ಲ ಕಂದಾ?"

"ಇಂಗ್ಲಿಷಲ್ಲಿ ಕಿವಿ ಗೊತ್ತು," ಅಂತು ಮಗು. "ಒಳಗಿಂದ ಮುಳ್ಳು ಚುಚ್ಚಿದಂಗೆ ಆಗುತ್ತೆ ಅನ್ನೋದು ಗೊತ್ತಿರ್ಲಿಲ್ಲ."

ಒಲೆಯ ಪಕ್ಕ ನಿಂತಿದ್ದ ಮುದುಕಿ ಸೌಟನ್ನು ಧಡ್ ಎಂದು ಇಟ್ಟಳು.

"ಕೇಳ್ಸಿತಾ? ಕೇಳ್ಸಿತಾ ನಿಂಗೆ? ಮೂರು ದಿನ ಮಗು ನೋವು ನುಂಗಿದೆ! ನನ್ ಹತ್ರ ಬಂದು ಹೇಳ್ತಿತ್ತು, ಬೆಚ್ಚಗೆ ಎಣ್ಣೆ ಹತ್ತಿ ಇಡ್ತಿದ್ದೆ. ಆ ಮೇಡಮ್ಮಿನ ಮಾತು ಕಟ್ಕೊಂಡು ಮಗು ಬಾಯಿಗೆ ಬಟ್ಟೆ ತುರುಕ್ದೆ!"

"ನೀವು ಮಾತಾಡ್ಬೇಡಿ! ಎಲ್ಲಾ ಶುರುವಾಗಿದ್ದು ನಿಮ್ಮಿಂದ. ಗೊತ್ತಿಲ್ದಿದ್ದನ್ನ ಗೊತ್ತು ಅಂತ ಹನ್ನೊಂದು ಹನ್ನೊಂದು ಸಲ ತಪ್ಪು ಓದ್ಸಿ ಮಗೂನ ದಡ್ಡಿ ಮಾಡಿಟ್ರಿ. ಬೀದಿದೀಪದ ಕೆಳಗೆ ನಾಲ್ಕಕ್ಷರ ಕಲ್ತ ಮಾತ್ರಕ್ಕೆ ಪಂಡಿತೆ ಆಗಲ್ಲ!"

ಅಬುಂದಿಯೊ ಎದ್ದು ನಿಂತ. "ಮಾರಿಕ್ರೂಸ್, ಸಾಕು."

ಮುದುಕಿ ಸೊಸೆಯ ಕಡೆ ತಿರುಗಿದಳು. ಅಳಲಿಲ್ಲ. "ಆ ನಾಲ್ಕಕ್ಷರ ನಿಂಗಿದ್ದಿದ್ರೆ ಅಲ್ಲಿ ತಲೆ ತಗ್ಗಿಸ್ತಿರ್ಲಿಲ್ಲ ನೀನು," ಅಂದಳು.

ಅದು ತಾಗಬೇಕಾದ ಕಡೆಗೇ ತಾಗಿತು. ಎರಡನೇ ಕ್ಲಾಸಿಗೆ ಸ್ಕೂಲು ಬಿಟ್ಟು ಹೊಲಕ್ಕೆ ಹೋದವಳು ಮಾರಿಕ್ರೂಸ್. ಬೆರಳಿಟ್ಟುಕೊಂಡು ಅಕ್ಷರ ಕೂಡಿಸಿ ಓದಬಲ್ಲಳು, ಆದರೆ ಜನರೆದುರು ಬೆರಳಿಡುವುದಕ್ಕೆ ನಾಚಿಕೆ.

ಬ್ರಿಸಾ ಇದ್ದಕ್ಕಿದ್ದ ಹಾಗೆ ಕೂಗಿದಳು. "ಇಬ್ರೂ ಬಾಯ್ಮುಚ್ಚಿ! ನಂಗೂ ಹಿಂಗೇ ಮಾಡಿದ್ರಿ. ನಾನು ಒಂದನೇ ಕ್ಲಾಸಲ್ಲಿದ್ದಾಗ್ಲೂ ಇದೇ ಹೇಳಿದ್ರು, ಆಗ್ಲೂ ನೀನು ಹ್ಞೂಂ ಅಂದೆ. ಅಜ್ಜಿ ಆಗಿನ್ನೂ ಊರಲ್ಲಿದ್ಲು. ಅವಳು ಬರ್ದ ಒಂದು ಕಾಗದಾನೂ ನಂಗೆ ಓದೋಕೆ ಬರ್ತಿರ್ಲಿಲ್ಲ, ಇವತ್ತಿಗೂ ಬರಲ್ಲ! ಮಾತು ಬರುತ್ತೆ, ಅಕ್ಷರ ಬರಲ್ಲ. ಯಾರಿಗಾದ್ರೂ ಗೊತ್ತಾ ಅದು? ಯಾರಾದ್ರೂ ಕೇಳಿದ್ರಾ?"

ಯಾರೂ ಕೇಳಿರಲಿಲ್ಲ. ಮಾರಿಕ್ರೂಸ್ ದೊಡ್ಡ ಮಗಳ ಮುಖ ನೋಡಲಾರದೆ ಔಷಧಿ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತಳು. ಆದರೂ ಕಾನೂನು ಎತ್ತಲಿಲ್ಲ. ಎತ್ತಿದರೆ ತಾನು ಸೋತಂತೆ ಎಂಬ ಹಟ ಒಂದು ಕಡೆ, ಮಗು ಹಿಂದೆ ಬಿದ್ದರೆ ತನ್ನ ಹಾಗೇ ಬೆಲ್ಟಿನ ಮುಂದೆ ನಿಲ್ಲಬೇಕಾಗುತ್ತದೆ ಎಂಬ ಭಯ ಇನ್ನೊಂದು ಕಡೆ.

ನವೆಂಬರ್ ಮಧ್ಯದಲ್ಲಿ ಎರಡನೇ ಕರೆ ಬಂತು. ಮಗುವನ್ನೂ ಕರೆತನ್ನಿ, ಒಂದು ಸಹಿ ಬೇಕು ಎಂದರು. ಆವತ್ತು ಅಬುಂದಿಯೊ ಬೇರೆ ಕಣಿವೆಗೆ ಕೆಲಸಕ್ಕೆ ಹೋಗಿದ್ದ. ಮುದುಕಿಗೆ ಅದೇ ದಾರಿಯಲ್ಲಿ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕಿತ್ತು, ಹಾಗಾಗಿ ಅವಳೂ ಕಾರು ಹತ್ತಿದಳು. ಸ್ಕೂಲಿನ ಮುಂದೆ ಕಾರು ನಿಲ್ಲಿಸಿ ಮಾರಿಕ್ರೂಸ್ ಅಂದಳು, "ನೀವು ಇಲ್ಲೇ ಕೂತಿರಿ ಅತ್ತೆ. ಒಳಗೆ ಬಂದು ನೀವೊಂದು ಮಾತಾಡಿದ್ರೂ, ಮನೇಲಿ ಇವ್ರು ಸ್ಪ್ಯಾನಿಷ್ ಬಿಟ್ಟೇ ಇಲ್ಲ ಅಂತಾರೆ."

"ಚಳಿ ಇದೆ."

"ಕಂಬಳಿ ಇದೆ ಹಿಂದೆ."

ಒಳಗೆ ಈ ಸಲ ಮೂರು ಜನ ಕೂತಿದ್ದರು. ಮಿಸೆಸ್ ಹಾಲ್ವರ್ಸನ್, ಕೋಟು ಹಾಕಿದ ಒಬ್ಬ ಗಂಡಸು, ಕಂಪ್ಯೂಟರಿನಿಂದ ಮುಖ ಎತ್ತದ ಒಬ್ಬ ಹುಡುಗಿ. ಅವರೆದುರು ಒಂದನೇ ಕ್ಲಾಸಿನ ಮಕ್ಕಳ ಗೇಣುದ್ದದ ಕುರ್ಚಿಗಳು, ಅದರಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಮಾರಿಕ್ರೂಸ್, ಬ್ರಿಸಾ, ನಡುವೆ ಸಿತ್ಲಾಲಿ.

"ಮಗು ಈಗ ಕ್ಲಾಸಿನಲ್ಲಿ ಮಾತೇ ಆಡ್ತಿಲ್ವಂತೆ," ಬ್ರಿಸಾ ತಿಳಿಸಿ ಹೇಳುತ್ತಾ ಹೋದಳು. "ಸ್ವಲ್ಪ ಹೆಚ್ಚಿನ ಸಹಾಯ ಬೇಕಂತೆ. ಅದಕ್ಕೊಂದು ಸಹಿ ಹಾಕ್ಬೇಕಂತೆ. ನಿಮ್ಗೆ ಅನುಕೂಲ ಆಗ್ಲಿ ಅಂತ ಕಾಗದಾನ ಸ್ಪ್ಯಾನಿಷಲ್ಲೇ ತರ್ಸಿದೀವಿ ಅಂತಿದಾರೆ."

ಹದಿನಾಲ್ಕು ಪುಟ. ಕೊನೆಯ ಪುಟದಲ್ಲಿ ಹಳದಿ ಗುರುತು, ಪಕ್ಕದಲ್ಲಿ ಪೆನ್ನು. ಮಾರಿಕ್ರೂಸ್ ಪುಟ ತಿರುಗಿಸಿದಳು. ಒಂದೊಂದು ಪದವೂ ಮಾರುದ್ದ, ಬೆರಳಿಡದೆ ಹಿಡಿತಕ್ಕೆ ಬರುವಂಥದಲ್ಲ. ಬ್ರಿಸಾಳ ಕಡೆ ತಳ್ಳಿದಳು. ಬ್ರಿಸಾ ಮೊದಲ ಸಾಲು ಓದಲು ಹೋಗಿ, ಇಂಗ್ಲಿಷಿನ ನಾಲಿಗೆಯಲ್ಲಿ ಎಡವಿ, ಕಿವಿ ಕೆಂಪಾಗಿ ನಿಲ್ಲಿಸಿಬಿಟ್ಟಳು.

ಕೋಟಿನವನು ಗಡಿಯಾರ ನೋಡಿ ಏನೋ ಅಂದ.

"ಎಲ್ಲಾ ಓದೋದೇನೂ ಬೇಡ್ವಂತೆ," ಅಂದಳು ಬ್ರಿಸಾ. "ನಾವು ಹೇಳಿದ್ದೇ ಅದ್ರಲ್ಲೂ ಇರೋದು, ಸಹಿ ಹಾಕಿ ಸಾಕು ಅಂತಿದಾರೆ."

ಮಾರಿಕ್ರೂಸ್ ಪೆನ್ನು ತೆಗೆದುಕೊಂಡಳು. ಹೆಸರಿನ ಮೊದಲ ಅಕ್ಷರ ಬರೆದಿದ್ದಳೋ ಇಲ್ಲವೋ, ಪಕ್ಕದಲ್ಲಿ ಕಾಲು ಆಡಿಸುತ್ತಾ ಕೂತಿದ್ದ ಸಿತ್ಲಾಲಿ ಆ ಪುಟದ ಮೇಲೆ ಪುಟ್ಟ ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದಳು. ಸ್ಪ್ಯಾನಿಷಿನಲ್ಲಿ. ಒಂದೂ ಕಡೆ ತಡವರಿಸದೆ, ಅಜ್ಜಿಯ ರಾಗದಲ್ಲೇ.

"'ಸದರಿ ವಿದ್ಯಾರ್ಥಿಯನ್ನು ಪೂರ್ಣ ದಿನದ ಪ್ರತ್ಯೇಕ ತರಗತಿಗೆ ವರ್ಗಾಯಿಸಲು ಪೋಷಕರು ಈ ಮೂಲಕ ಸಮ್ಮತಿಸಿರುತ್ತಾರೆ. ಪೋಷಕರು ಸಮ್ಮತಿಯನ್ನು ನಿರಾಕರಿಸಬಹುದು. ತಮ್ಮ ಭಾಷೆಯ ದುಭಾಷಿಯನ್ನು ಕೋರುವ ಹಕ್ಕು ಪೋಷಕರಿಗೆ ಇರುತ್ತದೆ.'"

ಮಾರಿಕ್ರೂಸಳ ಕೈ ನಿಂತಿತು.

"ಪೂರ್ಣ ದಿನ? ಹಿಂದುಳಿದ ಮಕ್ಕಳ ಕ್ಲಾಸಿಗಾ?" ಅಂದಳು ಬ್ರಿಸಾ. "ಅಮ್ಮಾ, ಇವ್ರು ನಂಗೆ ಸ್ವಲ್ಪ ಸಹಾಯ ಅಂತ ಹೇಳಿದ್ರು. ದೇವ್ರಾಣೆ, ಅಷ್ಟೇ ಹೇಳಿದ್ದು."

"ಅಮ್ಮಾ, ಸಮ್ಮತಿ ಅಂದ್ರೇನು?" ಕೇಳಿದಳು ಸಿತ್ಲಾಲಿ.

"ಸರಿ ಅನ್ನೋದು."

"ನೀನು ಸರಿ ಅಂದ್ಯಾ?"

ಮಾರಿಕ್ರೂಸ್ ಪೆನ್ನನ್ನು ಮೇಜಿನ ಮೇಲೆ ಕುಕ್ಕಿದಳು. "ಇಲ್ಲ. ಅನ್ನಲಿಲ್ಲ. ಅನ್ನೋದೂ ಇಲ್ಲ."

ಮಿಸೆಸ್ ಹಾಲ್ವರ್ಸನ್ ಮುಖದಲ್ಲಿ ನಗು ಮಾಯವಾಗಿತ್ತು. ಅವರು ಮಗುವನ್ನೂ ಕಾಗದವನ್ನೂ ಬದಲಾಯಿಸಿ ಬದಲಾಯಿಸಿ ನೋಡಿ, ಇವಳಿಗೆ ಓದಲು ಕಲಿಸಿದ್ದು ಯಾರು ಎಂದು ಕೇಳಿದರು. ಬ್ರಿಸಾ ಅದನ್ನು ಹೇಳುವ ಮೊದಲೇ ಮಾರಿಕ್ರೂಸ್‌ಗೆ ಅರ್ಥವಾಗಿತ್ತು. ಅವಳು ಎದ್ದು, ಆ ಗೇಣುದ್ದದ ಕುರ್ಚಿಯನ್ನು ಕಾಲಿನಿಂದ ಹಿಂದಕ್ಕೆ ತಳ್ಳಿ, ನೇರ ಹೊರಗೆ ನಡೆದಳು.

ಕಾರಿನ ಗಾಜಿಗೆ ಉಸಿರಿನ ಮಂಜು ಕಟ್ಟಿತ್ತು. ಬಾಗಿಲು ತೆರೆದರೆ ಮುದುಕಿ ಕಂಬಳಿ ಹೊದ್ದು ವಾರಪತ್ರಿಕೆ ಹಿಡಿದು ಕೂತಿದ್ದಳು.

"ಸಹಿ ಹಾಕಿ ಆಯ್ತಾ?"

"ನೀವು ಅವಳಿಗೆ ಓದ್ಸೋದು ಬಿಟ್ಟಿಲ್ವಾ ಅತ್ತೆ?"

"ಯಾಕೆ ಬಿಡ್ಲಿ? ದಿನಾ ಇದೇ ಪತ್ರಿಕೆ ಓದ್ಸಿದೀನಿ. ನೀನು ಏಳು ಗಂಟೆಗೆ ಬರೋದು, ಮಗು ಮೂರು ಗಂಟೆಗೆ ಬರೋದು. ನಾಲ್ಕು ಗಂಟೆ ಹೊತ್ತು ನಾನೇನು ಗೋಡೆ ನೋಡ್ಕೊಂಡು ಕೂತಿರ್ಲಾ? ಬೈಯೋದಾದ್ರೆ ಬೈ, ಚಳೀಲಿ ಕಾಯಿಸ್ಬೇಡ."

"ಮತ್ತೆ ಕಿವಿ ನೋವು ನಿಮ್ಗೂ ಹೇಳ್ಲಿಲ್ವಲ್ಲ?"

ಮುದುಕಿ ಪತ್ರಿಕೆ ಮಡಚಿದಳು. "ಹೇಳ್ಲಿಲ್ಲ. ಓದೋವಾಗ ಮಾತ್ರ ಬಾಯಿ ಬಿಡ್ತಿತ್ತು. ಅಚ್ಚಾಗಿರೋದು ಓದಿದ್ರೆ ಅಮ್ಮಂಗೆ ಕೋಪ ಬರಲ್ಲ, ತಾನಾಗಿ ಮಾತಾಡಿದ್ರೆ ಬರುತ್ತೆ ಅಂತ ಅದ್ರ ಲೆಕ್ಕ. ನಿನ್ ಕಾನೂನು ಅಷ್ಟು ಚೆನ್ನಾಗಿ ನಡೀತು."

ಮಾರಿಕ್ರೂಸ್‌ಗೆ ಅಳು ಬಂತು, ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂತು. ತನ್ನ ಮೇಲೆ, ಆ ಕೋಟಿನವನ ಮೇಲೆ, ಕೆಂಪು ಶಾಯಿಯ ಮೇಲೆ. "ತಪ್ಪು ನಂದು," ಅಂದಳು. "ನಿಮ್ಮನ್ನ ಸುಳ್ಳುಗಾತಿ ಅಂದಾಗ ಅಲ್ಲ ಅನ್ನೋಕೆ ನಂಗೆ ನಾಚಿಕೆ ಆಯ್ತು ಅತ್ತೆ. ಒಳಗೆ ಬನ್ನಿ. ಯಾರು ಓದ್ಸಿದ್ದು ಅಂತ ಕೇಳ್ತಿದಾರೆ."

"ನಾನು ಬಾಯಿ ಬಿಟ್ರೆ ಸ್ಪ್ಯಾನಿಷೇ ಬರೋದು."

"ಅದೇ ಬೇಕು ಈಗ."

ಅವರು ಒಳಗೆ ಬಂದಾಗ ಕೋಟಿನವನು ಕಾಗದಗಳನ್ನು ಜೋಡಿಸಿ ಎತ್ತಿಕೊಳ್ಳುತ್ತಿದ್ದ. ಮಾರಿಕ್ರೂಸ್ ಅವನ ಕೈಯಿಂದಲೇ ಅದನ್ನು ತೆಗೆದುಕೊಂಡಳು. "ದುಭಾಷಿ ಬರ್ಲಿ," ಅಂದಳು, ತನ್ನ ಭಾಷೆಯಲ್ಲಿ, ಗಟ್ಟಿಯಾಗಿ. "ಬ್ರಿಸಾ, ಇದೊಂದು ಹೇಳು, ಆಮೇಲೆ ನೀನು ಏನೂ ಹೇಳ್ಬೇಡ. ನಿನ್ ಕೆಲ್ಸ ಅಲ್ಲ ಇದು. ನೀನು ಕ್ಲಾಸಿಗೆ ಹೋಗು."

ಬ್ರಿಸಾ ಹೇಳಿದಳು. ದುಭಾಷಿ ಗುರುವಾರ ಮಾತ್ರ ಬರೋದು, ಇವತ್ತು ಮಂಗಳವಾರ ಎಂಬ ಉತ್ತರ ಬಂತು.

"ಹಂಗಾದ್ರೆ ಫೋನ್ ಮಾಡಿ ಕರೆಸ್ಲಿ. ಅಲ್ಲೀವರೆಗೂ ಇದ್ರಲ್ಲಿ ಏನಿದೆ ಅಂತ ನಾವು ಕೇಳ್ತೀವಿ."

ಬ್ರಿಸಾ ಕ್ಲಾಸಿಗೆ ಹೋಗಲಿಲ್ಲ. ಬಾಗಿಲಿಗೆ ಒರಗಿ ನಿಂತಳು. ಕೋಟಿನವನು ನಿಂತೇ ಇದ್ದ, ಕಂಪ್ಯೂಟರಿನ ಹುಡುಗಿ ಮೊದಲ ಸಲ ಮುಖ ಎತ್ತಿದಳು, ಮಿಸೆಸ್ ಹಾಲ್ವರ್ಸನ್ ಫೋನು ಹುಡುಕತೊಡಗಿದರು. ದೋನ್ಯಾ ಎವುಲಾಲಿಯಾ ಮಕ್ಕಳ ಕುರ್ಚಿಯಲ್ಲಿ ಕಷ್ಟಪಟ್ಟು ಕೂತು, ಕನ್ನಡಕ ಏರಿಸಿ, ಮೊಮ್ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಎಲ್ಲಿಂದ ಓದೋದು ಅಜ್ಜೀ?" ಕೇಳಿತು ಮಗು.

"ಮೊದಲ್ನೇ ಪುಟದಿಂದ," ಅಂದಳು ಮಾರಿಕ್ರೂಸ್. ಅವಳೂ ಕೂತಳು, ಮೂವರೂ ಹೊರಗಿನವರ ಕಣ್ಣೆದುರೇ ಒಂದೇ ಸಾಲಿನ ಮೇಲೆ ಬೆರಳಿಟ್ಟರು.